ಹಳೆಯ ಐಪಾಡ್‌ನ 30 ಪಿನ್‌ಗೆ ಮನೆಯಲ್ಲೇ ಕೇಬಲ್: ಇಲ್ಲಿಯವರೆಗಿನ ಕೆಲಸ

ಕೆಲಸ ಎಲ್ಲಿಗೆ ಬಂದಿದೆ ಅಂತ ಮೊದಲು ಹೇಳಿಬಿಡುತ್ತೇನೆ. ದನಿಯನ್ನು ಆಂಪ್ಲಿಫೈಯರ್‌ಗೆ ಒಯ್ಯುವ ಲೈನ್ ಔಟ್ ಕೇಬಲ್ ಮುಗಿದಿದೆ, ದಿನಾ ಬಳಸುತ್ತಿದ್ದೇನೆ. ಚಾರ್ಜಿಂಗ್ ಕೇಬಲ್ ಓಡುತ್ತಿದೆ, ಅದಕ್ಕೆ ಡಬ್ಬಿ ಇನ್ನೂ ಆಗಿಲ್ಲ. ಗುಂಡಿ ಒತ್ತಿದರೆ ಹಾಡು ಬದಲಾಗುವ ರಿಮೋಟ್ ಅರ್ಧಕ್ಕಿದೆ.

ಪ್ಲೇಯರ್ ಐದನೇ ತಲೆಮಾರಿನ ಐಪಾಡ್, 30 ಜಿಬಿಯದು. 2005ರಲ್ಲಿ ಬಂದ ಮಾದರಿ. ಒಳಗಿನ ಹಾರ್ಡ್ ಡಿಸ್ಕ್ ಇನ್ನೂ ಗಟ್ಟಿಯಾಗಿದೆ. ಅಪ್ಪನ ಕ್ಯಾಸೆಟ್‌ಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ ಇದರಲ್ಲಿ ತುಂಬಿದ್ದೇನೆ. ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು, ಸಿದ್ದರಾಮ ಜಂಬಲದಿನ್ನಿ, ಎಲ್ಲರೂ ಇದ್ದಾರೆ. ಇವರನ್ನು ಮನೆಯ ಹಳೆ ಆಂಪ್ಲಿಫೈಯರ್‌ನಲ್ಲಿ ಚೆನ್ನಾಗಿ ಕೇಳಬೇಕು. ಈ ಕೆಲಸ ಶುರುವಾಗಿದ್ದೇ ಅದಕ್ಕೆ.

ಹೆಡ್‌ಫೋನ್ ತೂತಿನಿಂದಲೇ ತಂತಿ ಎಳೆಯಬಹುದಲ್ವಾ ಅಂತ ಕೇಳಬಹುದು. ಎಳೆಯಬಹುದು. ಆದರೆ ಆ ದಾರಿಯಲ್ಲಿ ಪ್ಲೇಯರ್‌ನ ಪುಟ್ಟ ಆಂಪ್ಲಿಫೈಯರ್ ಮತ್ತು ವಾಲ್ಯೂಮ್ ಎರಡನ್ನೂ ದಾಟಿ ಬಂದ ದನಿ ಸಿಗುತ್ತದೆ. ಅದನ್ನೇ ಮತ್ತೆ ದೊಡ್ಡ ಆಂಪ್ಲಿಫೈಯರ್‌ಗೆ ಕೊಟ್ಟ ಹಾಗಾಗುತ್ತದೆ. ಕೆಳಗಿನ 30 ಪಿನ್ನಿನ ಡಾಕ್ ಕನೆಕ್ಟರ್‌ನಲ್ಲಿ ಲೈನ್ ಔಟ್ ಬೇರೆಯೇ ಇದೆ, ಅದರ ಮಟ್ಟ ವಾಲ್ಯೂಮ್ ಜೊತೆ ಏರಿಳಿಯುವುದಿಲ್ಲ. ತಂಬೂರಿಯ ದನಿ ನಿಧಾನ ಇಳಿಯುವ ಜಾಗದಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಕೇಳುತ್ತದೆ.

ಈ 30 ಪಿನ್ ಕನೆಕ್ಟರ್ ಬಂದಿದ್ದು 2003ರಲ್ಲಿ, ಮೂರನೇ ತಲೆಮಾರಿನ ಐಪಾಡ್ ಜೊತೆ. 2012ರಲ್ಲಿ ಲೈಟ್ನಿಂಗ್ ಅನ್ನುವ ಪುಟ್ಟ ಕನೆಕ್ಟರ್ ಬಂತು, ಇದು ಹಿಂದೆ ಸರಿಯಿತು. ಈಗ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋಗಿ ಕೇಳಿದರೆ ಟೈಪ್ ಸಿ ತೆಗೆದು ಮುಂದಿಡುತ್ತಾರೆ. ಬಹಳ ಹುಡುಕಿದರೆ ಧೂಳು ಹಿಡಿದ 30 ಪಿನ್ ಯುಎಸ್‌ಬಿ ಕೇಬಲ್ ಸಿಕ್ಕೀತು. ಲೈನ್ ಔಟ್ ಕೇಬಲ್ ಅಂತೂ ಇಲ್ಲ.

ಪಿನ್ ಎಣಿಸುವುದು

ಯಾವ ಪಿನ್ ಏನು ಅನ್ನುವ ಪಟ್ಟಿಯನ್ನು ಹವ್ಯಾಸಿಗಳು ಎಷ್ಟೋ ವರ್ಷದ ಹಿಂದೆಯೇ ಬಿಡಿಸಿಟ್ಟಿದ್ದಾರೆ. ಆದರೂ ಅದನ್ನು ನೋಡಿ ನೇರ ಬೆಸುಗೆ ಹಾಕಬಾರದು. ಒಂದನೇ ಪಿನ್ ಯಾವ ಕಡೆ ಅನ್ನುವುದರಲ್ಲೇ ಗೊಂದಲ ಹುಟ್ಟುತ್ತದೆ. ಪ್ಲಗ್ಗನ್ನು ಎದುರಿಂದ ನೋಡಿದರೆ ಒಂದು ಕಡೆ, ಸಾಕೆಟ್ಟನ್ನು ನೋಡಿದರೆ ಇನ್ನೊಂದು ಕಡೆ, ಹಿಂದಿನ ಬೆಸುಗೆಯ ಬದಿಯಿಂದ ನೋಡಿದರೆ ಮತ್ತೆ ಉಲ್ಟಾ.

ಗ್ರೌಂಡ್, ಅಂದರೆ ಸೊನ್ನೆ ವೋಲ್ಟಿನ ಪಿನ್ ಹುಡುಕಿದರೆ ದಿಕ್ಕು ಗೊತ್ತಾಗುತ್ತದೆ ಅಂತ ಅನಿಸುತ್ತದೆ. ಈ ಕನೆಕ್ಟರ್‌ನಲ್ಲಿ ಹಾಗಾಗುವುದಿಲ್ಲ. 1 ಮತ್ತು 2 ಗ್ರೌಂಡ್. ಆ ತುದಿಯ 29 ಮತ್ತು 30 ಕೂಡ ಗ್ರೌಂಡ್. ನಡುವಿನ 15 ಮತ್ತು 16 ಸಹ ಗ್ರೌಂಡೇ. ಯಾವ ಕಡೆಯಿಂದ ಎಣಿಸಿದರೂ ಗ್ರೌಂಡುಗಳು ಅದೇ ಜಾಗಕ್ಕೆ ಬಂದು ಕೂರುತ್ತವೆ. ಸಂಪರ್ಕ ಇದೆಯೇ ಅಂತ ನೋಡುವ ಮಲ್ಟಿಮೀಟರ್ ಬೀಪ್ ಅನ್ನುತ್ತದೆ, ಎಲ್ಲ ಸರಿ ಇದೆ ಅನಿಸುತ್ತದೆ. ಆದರೆ ಉಲ್ಟಾ ಎಣಿಸಿದ್ದರೆ 23ಕ್ಕೆ ಹೋಗಬೇಕಾದ 5 ವೋಲ್ಟ್ 8ನೇ ಪಿನ್ನಿಗೆ ಹೋಗುತ್ತದೆ. ಅದು ವಿಡಿಯೋ ಹೊರಬರುವ ಪಿನ್. ಇಷ್ಟು ವರ್ಷ ಬದುಕಿದ ಯಂತ್ರಕ್ಕೆ ಅಂಥ ಪೆಟ್ಟು ಕೊಡಬಾರದು.

ದಿಕ್ಕು ಹೇಳಿಕೊಟ್ಟಿದ್ದು ಒಂದು ಹರಿದ ಯುಎಸ್‌ಬಿ ಕೇಬಲ್. ಮೀಟರ್‌ನ ಒಂದು ಕಡ್ಡಿಗೆ ಕ್ಲಿಪ್ ಹಾಕಿ ಯುಎಸ್‌ಬಿ ತುದಿಯ ಸಂಪರ್ಕ ಹಿಡಿದೆ. ಇನ್ನೊಂದು ಕಡ್ಡಿಗೆ ಹೊಲಿಗೆ ಸೂಜಿ ಕಟ್ಟಿ 30 ಪಿನ್ನಿನ ಕಡೆ ಒಂದೊಂದಾಗಿ ಮುಟ್ಟುತ್ತಾ ಹೋದೆ. ಸೂಜಿ ಬೇಕೇ ಬೇಕು, ಯಾಕೆಂದರೆ ಪಿನ್ನುಗಳ ಅಂತರ ಒಂದು ಮಿಲಿಮೀಟರಿಗಿಂತ ಕಡಿಮೆ. ಮೀಟರ್‌ನ ಸಾಮಾನ್ಯ ಕಡ್ಡಿ ಪಕ್ಕದ ಪಿನ್ನನ್ನೂ ಮುಟ್ಟಿಬಿಡುತ್ತದೆ. ಯುಎಸ್‌ಬಿಯ 5 ವೋಲ್ಟ್ ಬಂದಿದ್ದು 23ಕ್ಕೆ, ಡೇಟಾ ಮೈನಸ್ 25ಕ್ಕೆ, ಡೇಟಾ ಪ್ಲಸ್ 27ಕ್ಕೆ. ಒಂದು ಬಿಟ್ಟು ಒಂದು, ಮೂರೂ ನಡುವಿನ ಒಂದೇ ಬದಿಗೆ. ದಿಕ್ಕು ಖಾತ್ರಿಯಾಯಿತು. ತಕ್ಷಣ ಒಂದನೇ ಪಿನ್ನಿನ ತುದಿಗೆ ಕೆಂಪು ನೈಲ್ ಪಾಲಿಶ್ ಚುಕ್ಕೆ ಇಟ್ಟೆ. ಆಮೇಲೆ ಪ್ಲೇಯರ್ ಆನ್ ಮಾಡಿ 18ನೇ ಪಿನ್ ನೋಡಿದೆ, 3.3 ವೋಲ್ಟ್ ಇತ್ತು. ಪಟ್ಟಿಯೂ ಮೀಟರೂ ಒಂದೇ ಮಾತು ಹೇಳಿದವು.

19 ಮತ್ತು 20 ಫೈರ್‌ವೈರ್ ಅನ್ನುವ ಹಳೆ ಕೇಬಲ್ ಪದ್ಧತಿಯ 12 ವೋಲ್ಟಿನವು. ಹಳೆಯ ಡಾಕ್‌ಗಳು ಅಲ್ಲಿಂದಲೂ ಚಾರ್ಜ್ ಕೊಡುತ್ತಿದ್ದವು. ನನ್ನ ಕೇಬಲ್‌ಗಳಲ್ಲಿ ಆ ಎರಡನ್ನೂ ಖಾಲಿ ಬಿಟ್ಟಿದ್ದೇನೆ.

ಲೈನ್ ಔಟ್

ಹರಿದ ಯುಎಸ್‌ಬಿ ಕೇಬಲ್‌ನ ಪ್ಲಗ್ ಇದಕ್ಕೆ ಬರಲಿಲ್ಲ. ಅದರಲ್ಲಿ ಯುಎಸ್‌ಬಿಗೆ ಬೇಕಾದ ಪಿನ್ನುಗಳಷ್ಟೇ ಇವೆ, ಉಳಿದ ಜಾಗ ಬರೀ ಪ್ಲಾಸ್ಟಿಕ್. ಗುಜರಿ ಅಂಗಡಿಯಲ್ಲಿ ಐಪಾಡ್ ಕೂರಿಸಿ ಹಾಡಿಸುವ, ಸತ್ತುಹೋದ ಒಂದು ಡಾಕ್ ಸ್ಪೀಕರ್ ಸಿಕ್ಕಿತು. ಅದು ಹಾಡಬೇಕೆಂದರೆ ಲೈನ್ ಔಟ್ ಪಿನ್ನುಗಳು ಇರಲೇಬೇಕಲ್ವಾ? ಬಿಚ್ಚಿದರೆ ಪುಟ್ಟ ಬೋರ್ಡಿನ ಮೇಲೆ ಪ್ಲಗ್ ಇಡಿಯಾಗಿ ಕೂತಿತ್ತು.

ಬೆಸುಗೆಗೆ ಹಳೆ ರೇಡಿಯೋ ರಿಪೇರಿ ಮಾಡುವ ಕಾಕಾ ಒಬ್ಬರ ಹತ್ತಿರ ಹೋದೆ. ಪ್ಲಗ್ಗನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. "ತಮ್ಮಾ, ಒಂದೇ ಸಲಕ್ಕ ಎಲ್ಲಾ ಪಿನ್ನಿಗಿ ಬಿಸಿ ಕೊಡಬ್ಯಾಡ. ಪ್ಲಾಸ್ಟಿಕ್ ಕರಗ್ತದ. ಒಂದು ಹಚ್ಚು, ಆರ್ಲಿ ಬಿಡು, ಆಮ್ಯಾಲ ಮುಂದಿಂದು" ಅಂದರು. ಇನ್ನೊಂದು ಉಪಾಯವನ್ನೂ ಕೊಟ್ಟರು. ತಂತಿಯ ತುದಿಗೆ ಮೊದಲೇ ಸೀಸ ಹಚ್ಚಿಕೊಂಡು, ಪಿನ್ನಿನ ಮೇಲಿಟ್ಟು, ಕಾವು ತಾಗಿಸಿ ತೆಗೆದುಬಿಡಬೇಕು. ಪಿನ್ನಿನ ಮೇಲೆ ಹೊಸ ಸೀಸ ಕರಗಿಸಲು ಹೋದರೆ ಪಕ್ಕದ್ದಕ್ಕೆ ಹರಿಯುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಪದ್ಧತಿ ನನಗೆ ಸಿಕ್ಕಿಲ್ಲ.

ಬಲದ ದನಿ 3ನೇ ಪಿನ್, ಎಡದ್ದು 4, ಗ್ರೌಂಡ್ 2. ಮೂರೇ ತಂತಿ. ಶೀಲ್ಡ್ ಇರುವ ತೆಳು ಕೇಬಲ್ ಹಾಕಿ ಇನ್ನೊಂದು ತುದಿಗೆ ಆರ್‌ಸಿಎ ಪಿನ್ ಹಚ್ಚಿದೆ. ಆಂಪ್ಲಿಫೈಯರ್‌ಗೆ ಸಿಕ್ಕಿಸುವ ಮುಂಚೆ ಡಿಸಿ ವೋಲ್ಟೇಜ್ ಅಳೆದೆ, ಹೆಚ್ಚುಕಡಿಮೆ ಸೊನ್ನೆ. ಇದನ್ನು ಯಾರೂ ಬಿಡಬೇಡಿ.

ಚಾರ್ಜ್ ಆಗುತ್ತಿರುವಾಗ ಕೇಳಿದರೆ ಹಮ್, ಅಂದರೆ ಗುಂಯ್ ಅನ್ನುವ ಸದ್ದು ಬರುವ ಸಾಧ್ಯತೆ ಇದೆ. ಅದಕ್ಕೇ ದನಿಯ ಗ್ರೌಂಡನ್ನು 2ರಲ್ಲೇ ಇಟ್ಟು, ಯುಎಸ್‌ಬಿ ಗ್ರೌಂಡನ್ನು 16ಕ್ಕೆ ಬೇರೆ ತಂತಿಯಲ್ಲಿ ಒಯ್ದಿದ್ದೇನೆ. ಕೇಬಲ್ ಒಳಗೆ ಅವೆರಡನ್ನೂ ಎಲ್ಲೂ ಸೇರಿಸಿಲ್ಲ. ಪ್ಲೇಯರ್ ಒಳಗೆ ಹೇಗೂ ಸೇರುತ್ತವೆ, ಅಷ್ಟು ಸಾಕು. ಬ್ಯಾಟರಿಯಿಂದ ಚಾರ್ಜ್ ಮಾಡುತ್ತಾ ಕೇಳಿದಾಗ ಹಿನ್ನೆಲೆ ಶುದ್ಧವಾಗಿದೆ.

ಚಾರ್ಜಿಂಗ್

ಕರೆಂಟ್ ಹೋದಾಗಲೂ ಓಡಲಿ ಅಂತ 12 ವೋಲ್ಟಿನ ಯುಪಿಎಸ್ ಬ್ಯಾಟರಿಗೆ, ವೋಲ್ಟೇಜನ್ನು 5ಕ್ಕೆ ಇಳಿಸುವ 7805 ರೆಗ್ಯುಲೇಟರ್ ಹಾಕಿದ್ದೇನೆ. 5 ವೋಲ್ಟ್ ಕೊಟ್ಟರಷ್ಟೇ ಸಾಲದು, ಎದುರಿಗಿರುವುದು ಚಾರ್ಜರ್ ಅಂತ ಪ್ಲೇಯರ್‌ಗೆ ಗೊತ್ತಾಗಬೇಕು. ಆಪಲ್‌ನ 500 ಮಿಲಿಆಂಪ್ ಗುರುತು ಅಂದರೆ ಎರಡೂ ಡೇಟಾ ಪಿನ್ನಿನಲ್ಲಿ ಸುಮಾರು 2 ವೋಲ್ಟ್. 5 ವೋಲ್ಟಿನ ಕಡೆಗೆ 15 ಕಿಲೋಓಮ್, ಗ್ರೌಂಡಿನ ಕಡೆಗೆ 10 ಕಿಲೋಓಮ್ ರೆಸಿಸ್ಟರ್ ಇಟ್ಟರೆ ನಡುವೆ 5 ವೋಲ್ಟಿನಿಂದ ಸರಿಯಾಗಿ 2 ವೋಲ್ಟ್ ಬರುತ್ತದೆ. ಎರಡೂ ಯಾವ ಅಂಗಡಿಯಲ್ಲಾದರೂ ಸಿಗುವ ಅಳತೆಗಳು.

ತೊಂದರೆ ಇರುವುದು ಶಾಖದ್ದು. 12ರಿಂದ 5ಕ್ಕೆ ಇಳಿಸುವಾಗ 7 ವೋಲ್ಟ್ ಉಳಿಯುತ್ತದೆ, ಅರ್ಧ ಆಂಪ್ ಹರಿದರೆ 3.5 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ. ನಮ್ಮೂರಿನ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ಅಗಲವಾದ ಅಲ್ಯೂಮಿನಿಯಂ ಹೀಟ್ ಸಿಂಕ್ ಹಾಕಿದ್ದೇನೆ, ಆದರೂ ಕೈ ಇಡಲು ಆಗುವುದಿಲ್ಲ. ಡಬ್ಬಿ ನಿಂತಿರುವುದು ಇದೇ ಕಾರಣಕ್ಕೆ, ಮುಚ್ಚಿದರೆ ಗಾಳಿ ಆಡುವುದಿಲ್ಲ. ಸ್ವಿಚ್ ಆಗುತ್ತಾ ವೋಲ್ಟೇಜ್ ಇಳಿಸುವ ಎಲ್‌ಎಂ2596 ಮಾಡ್ಯೂಲ್ ಹಾಕಿದರೆ ಬಿಸಿ ತುಂಬಾ ಕಡಿಮೆ. ಆದರೆ ಅದು 150 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತದೆ, ಅದರ ಗಲಾಟೆ ದನಿಯೊಳಗೆ ನುಗ್ಗುತ್ತದೋ ಇಲ್ಲವೋ ನೋಡಿಯೇ ತೀರ್ಮಾನ ಮಾಡುತ್ತೇನೆ. ಸದ್ಯಕ್ಕೆ 7805 ಇರಲಿ, ಅದು ನಿಶ್ಶಬ್ದ.

ರಿಮೋಟ್

ಇದು ಅಪ್ಪನಿಗಾಗಿ. ಕ್ಲಿಕ್ ವ್ಹೀಲ್ ಮೇಲೆ ಬೆರಳು ಜಾರಿಸುವುದು ಅವರಿಗೆ ಕಷ್ಟ. ದೊಡ್ಡ ಮೂರು ಗುಂಡಿ ಸಾಕು: ನಿಲ್ಲಿಸು, ಮುಂದೆ, ಹಿಂದೆ.

12 ಮತ್ತು 13ನೇ ಪಿನ್ನುಗಳು ಸೀರಿಯಲ್‌ಗೆ, ಅಂದರೆ ಆಜ್ಞೆಗಳು ಒಂದೊಂದೇ ಬಿಟ್ ಆಗಿ ಹೋಗಿಬರುವ ದಾರಿಗೆ. ವೇಗ ಸೆಕೆಂಡಿಗೆ 19200 ಬಿಟ್. 21ನೇ ಪಿನ್ನಿನಿಂದ ಗ್ರೌಂಡಿಗೆ ಇಡುವ ರೆಸಿಸ್ಟರ್ ನೋಡಿ ಪ್ಲೇಯರ್ ತನಗೆ ಏನು ಜೋಡಿಸಿದ್ದಾರೆ ಅಂತ ತಿಳಿದುಕೊಳ್ಳುತ್ತದೆ. ಸೀರಿಯಲ್‌ಗೆ ಬೇಕಾದದ್ದು 500 ಕಿಲೋಓಮ್. ಆ ಅಳತೆಯದು ಸಿಗಲಿಲ್ಲ, ಒಂದು ಮೆಗಾಓಮ್‌ನವು ಎರಡನ್ನು ಪಕ್ಕಪಕ್ಕ (ಪ್ಯಾರಲಲ್ ಆಗಿ) ಸೇರಿಸಿದೆ.

ಗುಂಡಿ ಒತ್ತಿದ್ದನ್ನು ಓದಿ ಆಜ್ಞೆ ಕಳಿಸುವ ಪುಟ್ಟ ಬೋರ್ಡ್ ಆರ್ಡುವಿನೋ ಊನೋ 5 ವೋಲ್ಟಿನದು, ಪ್ಲೇಯರ್ 3.3ರದು. ಹಾಗಾಗಿ ಊನೋ ಕಳಿಸುವ ತಂತಿಯಲ್ಲಿ 10 ಕಿಲೋಓಮ್‌ನ ಮೂರು ರೆಸಿಸ್ಟರ್ ಇಟ್ಟು ವೋಲ್ಟೇಜ್ ಇಳಿಸಿದ್ದೇನೆ. ಪ್ರತಿ ಸಂದೇಶ ಹೆಕ್ಸ್, ಅಂದರೆ ಹದಿನಾರರ ಲೆಕ್ಕದ ಅಂಕಿಗಳಲ್ಲಿ ಎಫ್‌ಎಫ್ 55 ಅಂತ ಶುರುವಾಗುತ್ತದೆ. ಆಮೇಲೆ ಉದ್ದ, ಮೋಡ್, ಆಜ್ಞೆ, ಕೊನೆಗೆ ತಪ್ಪು ಪತ್ತೆಗೆ ಇಡುವ ಚೆಕ್‌ಸಮ್. ಹಾಡು ಓಡಿಸಲು, ನಿಲ್ಲಿಸಲು ಎಫ್‌ಎಫ್ 55 03 02 00 01 ಎಫ್‌ಎ. ನಡುವಿನ 03, 02, 00, 01 ಕೂಡಿದರೆ 06. ಹೆಕ್ಸ್‌ನ 100ರಲ್ಲಿ ಅದನ್ನು ಕಳೆದರೆ ಎಫ್‌ಎ. ಗುಂಡಿ ಬಿಟ್ಟಾಗ ಎಫ್‌ಎಫ್ 55 03 02 00 00 ಎಫ್‌ಬಿ ಕಳಿಸಬೇಕು, ಇಲ್ಲದಿದ್ದರೆ ಗುಂಡಿ ಇನ್ನೂ ಒತ್ತಿಯೇ ಇದೆ ಅಂತ ಪ್ಲೇಯರ್ ತಿಳಿಯುತ್ತದೆ. ಮುಂದಿನ ಹಾಡಿಗೆ 01ರ ಜಾಗದಲ್ಲಿ 08, ಚೆಕ್‌ಸಮ್ ಎಫ್3. ವಾಲ್ಯೂಮ್ ಆಜ್ಞೆಗಳೂ ಇವೆ, ಆದರೆ ಲೈನ್ ಔಟ್‌ಗೆ ಅವು ತಾಗುವುದಿಲ್ಲವಾದ್ದರಿಂದ ಬಿಟ್ಟಿದ್ದೇನೆ.

ಓಡಿಸುವುದು, ನಿಲ್ಲಿಸುವುದು, ಮುಂದಿನ ಹಾಡು, ಮೂರೂ ಬೆಸುಗೆ ಇಲ್ಲದೆ ಜೋಡಿಸುವ ಬ್ರೆಡ್‌ಬೋರ್ಡ್ ಮೇಲೆ ಕೆಲಸ ಮಾಡುತ್ತಿವೆ. ಹಿಂದಿನ ಹಾಡು ಬಾಕಿ. ಅದಾದ ಮೇಲೆ ಆರ್ಡುವಿನೋವನ್ನು ಪ್ಲೇಯರ್ ಪಕ್ಕವೇ ಇಟ್ಟು, ಗುಂಡಿಗಳ ತಂತಿಯನ್ನಷ್ಟೇ ಉದ್ದಕ್ಕೆ ಎಳೆಯುತ್ತೇನೆ, ಸೀರಿಯಲ್ ತಂತಿ ಗಿಡ್ಡ ಇದ್ದಷ್ಟೂ ಒಳ್ಳೆಯದು. ಹಳೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಗುಂಡಿಗೆ ಸರಿಯಾಗಿದೆ, ಒತ್ತಿದಾಗ ಬೆರಳಿಗೆ ಗೊತ್ತಾಗುತ್ತದೆ. ಅಂಥವು ಇನ್ನೆರಡು ಹುಡುಕಬೇಕು.