ಗುಡಿಯಂತೆ ಕಾಣುವ ಪಂಪ್‌ಹೌಸ್

ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದವರು ‘ರಾಕಿ’ ಸಿನಿಮಾದಲ್ಲಿ ಬರುವ ಆರ್ಟ್ ಮ್ಯೂಸಿಯಂ ಮೆಟ್ಟಿಲು ಓಡಿ ಹತ್ತಿ, ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಹಿಂಬದಿಯ ಇಳಿಜಾರಿನಲ್ಲಿ ನದಿ ಕಡೆ ಇಳಿಯುವವರು ಕಡಿಮೆ. ಅಲ್ಲೇ ಇರೋದು ಫೇರ್‌ಮೌಂಟ್ ವಾಟರ್ ವರ್ಕ್ಸ್.

ಮೇಲಿನಿಂದ ನೋಡಿದರೆ ಸ್ಕೂಲ್‌ಕಿಲ್ ನದಿಯ ದಂಡೆಗೆ ಯಾರೋ ಸಾಲಾಗಿ ಗ್ರೀಕ್ ಗುಡಿಗಳನ್ನು ಕಟ್ಟಿದಂತಿದೆ. ಕಂಬ, ಮಂಟಪ, ಅಂಗಳ ಎಲ್ಲವೂ ಉಂಟು. ಒಳಗಿದ್ದದ್ದು ಮಾತ್ರ ಬರೀ ಪಂಪುಗಳು! 1815ರಿಂದ 1909ರವರೆಗೆ ಊರಿಗೆ ನೀರು ಎತ್ತಿಕೊಟ್ಟ ಜಾಗ ಇದು. ಫ್ರೆಡರಿಕ್ ಗ್ರಾಫ್ ಎಂಬ ಎಂಜಿನಿಯರ್ ಇದರ ವಿನ್ಯಾಸಕಾರ.

ಮೊದಲು ಇಲ್ಲಿ ಉಗಿ ಎಂಜಿನ್‌ಗಳಿದ್ದವು. ಅವಕ್ಕೆ ಸೌದೆ ಹಾಕಿ ಪೂರೈಸುತ್ತಿರಲಿಲ್ಲ, ಬಾಯ್ಲರ್ ಸಿಡಿಯುವ ಭಯ ಬೇರೆ. 1822ರಲ್ಲಿ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿ, ನೀರಿನಿಂದಲೇ ದೊಡ್ಡ ಚಕ್ರಗಳನ್ನು ತಿರುಗಿಸತೊಡಗಿದರು. ಚಕ್ರ ಪಂಪನ್ನು ಓಡಿಸುತ್ತದೆ, ಪಂಪು ನೀರನ್ನು ಗುಡ್ಡದ ಮೇಲಿನ ಕೊಳಕ್ಕೆ ತಳ್ಳುತ್ತದೆ, ಅಲ್ಲಿಂದ ನೀರು ತಾನಾಗಿಯೇ ಊರಿಗೆ ಇಳಿಯುತ್ತದೆ. ನದಿಯ ನೀರನ್ನು ನದಿಯೇ ಹೊತ್ತು ಹಾಕಿದ ಹಾಗೆ. ಈಗ ಆರ್ಟ್ ಮ್ಯೂಸಿಯಂ ನಿಂತಿರುವುದು ಅದೇ ಕೊಳದ ಜಾಗದಲ್ಲಿ. ಇದು ಗೊತ್ತಾದ ಮೇಲೆ ಆ ಮೆಟ್ಟಿಲುಗಳನ್ನು ನೋಡುವ ಕಣ್ಣೇ ಬದಲಾಯಿತು.

ನನ್ನನ್ನು ಜಾಸ್ತಿ ಹೊತ್ತು ಹಿಡಿದು ನಿಲ್ಲಿಸಿದ್ದು ಸುತ್ತಲಿನ ಹಸಿರು. ನೀರು ಕೆಡಬಾರದು ಅಂತ ನಗರದವರು ದಂಡೆಯ ಜಮೀನನ್ನು ಉಳಿಸಿಕೊಳ್ಳಲು ಹೊರಟರು. ಈ ದೊಡ್ಡ ಫೇರ್‌ಮೌಂಟ್ ಪಾರ್ಕ್ ಬೆಳೆದಿದ್ದರ ಹಿಂದೆ ಆ ಯೋಚನೆಯೂ ಇದೆ. ಆದರೆ ನದಿ ಪಾರ್ಕಿನೊಳಗೆ ಹುಟ್ಟುವುದಿಲ್ಲವಲ್ಲ! ಮೇಲ್ಗಡೆಯ ಗಿರಣಿಗಳ, ಊರುಗಳ ಕೊಳೆಯೆಲ್ಲ ಹರಿದು ಬಂತು. ಟೈಫಾಯ್ಡ್ ಹರಡಿತು. ಕೊನೆಗೆ ನೀರು ಸೋಸುವ ಹೊಸ ಘಟಕಗಳು ಬೇರೆ ಕಡೆ ಬಂದು, ಇದಕ್ಕೆ ಬೀಗ ಬಿತ್ತು. ನೀರಿಗಾಗಿ ಉಳಿಸಿಕೊಂಡ ಮರಗಳು ಮಾತ್ರ ಊರಿಗೆ ಉಳಿದವು.

ಆಮೇಲೆ ಈ ಕಟ್ಟಡ ಮೀನುಗಳ ಅಕ್ವೇರಿಯಂ ಆಯಿತು, ಈಜುಕೊಳವೂ ಆಯಿತು. 2003ರಿಂದ ನೀರಿನ ಬಗ್ಗೆ ಹೇಳಿಕೊಡುವ ಮ್ಯೂಸಿಯಂ. ಒಳಗಿನ ಫಲಕಗಳು ಸ್ವಲ್ಪ ಶಾಲೆಯ ಪಾಠದಂತಿವೆ, ಮಕ್ಕಳಿಗೆ ಹಿಡಿಸುತ್ತವೆ. ನನಗೆ ಇಷ್ಟವಾಗಿದ್ದು ಮಸೆಲ್ ಸಾಕುವ ಮೂಲೆ. ಮಸೆಲ್ ಅಂದರೆ ಸಿಹಿನೀರಿನ ಚಿಪ್ಪುಜೀವಿ. ಅದು ಉಣ್ಣುವಾಗಲೇ ನೀರನ್ನೂ ಸೋಸುತ್ತದೆ. ನೀರೆತ್ತುವ ಯಂತ್ರಗಳಿದ್ದ ಮನೆಯಲ್ಲಿ ಈಗ ನೀರು ಸೋಸುವವರನ್ನು ಬೆಳೆಸುತ್ತಿದ್ದಾರೆ, ಚೆನ್ನಾಗಿದೆ ಅಲ್ವಾ?

ಒಡ್ಡು ಇನ್ನೂ ಇದೆ. ಸಮುದ್ರದಿಂದ ಮೊಟ್ಟೆಯಿಡಲು ಬರುವ ಶ್ಯಾಡ್ ಮೀನುಗಳ ದಾರಿಯನ್ನು ಅದು ಕಟ್ಟಿಹಾಕಿತ್ತು. 1979ರಲ್ಲಿ ಆಚೆ ದಡದಲ್ಲಿ ಅವಕ್ಕೆಂದು ಮೀನಿನ ಮೆಟ್ಟಿಲು, ಅಂದರೆ ಹಂತ ಹಂತವಾಗಿ ಈಜಿ ಒಡ್ಡು ದಾಟುವ ನೀರಿನ ದಾರಿ, ಕಟ್ಟಿದರು. ಶ್ಯಾಡ್ ಮೇಲೇರುವುದು ವಸಂತದಲ್ಲಿ. ಹೋಗುವುದಾದರೆ ಆಗಲೇ ಹೋಗಿ. ಆರ್ಟ್ ಮ್ಯೂಸಿಯಂನಿಂದ ನಡೆದೇ ಇಳಿಯಬಹುದು, ಗಾಡಿ ಬೇಕಿಲ್ಲ.