ಮೊದಲ ಪೆಟ್ಟು ಯಾರದ್ದು? ಎಡಿಟಿಂಗ್ ಟೇಬಲ್ಲಿನ ಮಾತು

ನಾನು ಸಿನಿಮಾ ಸಂಕಲನಕಾರ. ಯುದ್ಧ, ಗಲಭೆ, ರಾಜಕೀಯ ಕೊಲೆ, ಹೀಗೆ ಜನ ಇವತ್ತಿಗೂ ಜಗಳವಾಡುವ ಚರಿತ್ರೆಯ ಮೇಲಿನ ಚಿತ್ರ ಟೇಬಲ್ಲಿಗೆ ಬಂದರೆ, ಕಥೆ ಎಲ್ಲಿಂದ ಶುರುವಾಗುತ್ತದೆ ಅನ್ನೋದನ್ನೇ ಮೊದಲು ನೋಡುತ್ತೇನೆ. ಡೈಲಾಗಿನಲ್ಲಿರುವ ಪಕ್ಷಪಾತವನ್ನು ಪ್ರೇಕ್ಷಕರೇ ಹಿಡಿದುಬಿಡುತ್ತಾರೆ. ಜೋಡಣೆಯಲ್ಲಿ ಸೇರಿಕೊಂಡದ್ದನ್ನು ಹಿಡಿಯೋದು ಕಷ್ಟ, ಅದಕ್ಕೆ ಹೊಣೆ ನಮ್ಮಂಥವರೇ.

ಎರಡು ಕಡೆಯವರೂ ಹೊಡೆದಾಡಿದ ಘಟನೆಯಲ್ಲಿ ಮೊದಲು ತೋರಿಸಿದ ಪೆಟ್ಟು ಅಪರಾಧವಾಗಿ ಕಾಣುತ್ತದೆ, ಆಮೇಲಿನದು ಅದಕ್ಕೆ ಉತ್ತರವಾಗಿ. ಬಿನ್ ಲಾಡೆನ್‌ನನ್ನು ಅಮೆರಿಕ ಬೆನ್ನಟ್ಟಿದ ಕಥೆಯ, 2012ರ 'ಝೀರೋ ಡಾರ್ಕ್ ಥರ್ಟಿ' ಕಪ್ಪು ಪರದೆಯಿಂದ ತೆರೆದುಕೊಳ್ಳುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸಿಕ್ಕಿಬಿದ್ದವರ ಧ್ವನಿಗಳಷ್ಟೇ ಕೇಳುತ್ತವೆ. ಅದು ಮುಗಿಯುತ್ತಿದ್ದಂತೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯವರ ಚಿತ್ರಹಿಂಸೆಯ ಕೋಣೆ. ನಡುವಿನ ವರ್ಷಗಳೆಲ್ಲ ಒಂದು ಕಟ್‌ನಲ್ಲಿ ಕರಗಿಹೋಗುತ್ತವೆ, ಹಿಂಸೆ ನೋಡುವವನ ಕಿವಿಯಲ್ಲಿ ಆ ಧ್ವನಿಗಳು ಇನ್ನೂ ಇರುತ್ತವೆ. ಬಿನ್ ಲಾಡೆನ್‌ನ ಸುಳಿವು ಚಿತ್ರಹಿಂಸೆಯಿಂದ ಸಿಕ್ಕಿತು ಎಂಬ ಭಾವನೆ ಹುಟ್ಟಿಸುವುದು ತಪ್ಪು ಎಂದು ಫೈನ್‌ಸ್ಟೈನ್, ಲೆವಿನ್, ಮೆಕೇನ್ ಎಂಬ ಮೂವರು ಸೆನೆಟರುಗಳು ಆಗಲೇ ಸ್ಟುಡಿಯೋಗೆ ಪತ್ರ ಬರೆದರು. 2014ರ ಸೆನೆಟ್ ಸಮಿತಿಯ ವರದಿಯೂ ಅದನ್ನೇ ಹೇಳಿತು, ಸಿಐಎ ಒಪ್ಪಲಿಲ್ಲ. ಆ ವರದಿಯನ್ನು ಓದಿದವರಿಗಿಂತ ಆ ಕಟ್ ನೋಡಿದವರೇ ಬಹಳ ಹೆಚ್ಚು ಎಂಬುದು ನನ್ನನ್ನು ಕಾಡುತ್ತದೆ.

ಅಸಲಿ ಫುಟೇಜಿನದ್ದು ಇನ್ನೂ ಸೂಕ್ಷ್ಮ ವಿಷಯ. 1991ರ 'ಜೆಎಫ್‌ಕೆ' ಚಿತ್ರದಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯ ಕ್ಷಣವನ್ನು ಅಲ್ಲಿದ್ದ ಝಪ್ರೂಡರ್ ಎಂಬಾತ ಸೆರೆಹಿಡಿದ ಅಸಲಿ ರೀಲಿದೆ. ಜೊತೆಗೆ ಹಳೇ ಸುದ್ದಿಚಿತ್ರದಂತೆ ಕಾಣುವ ಹಾಗೆ ಹೊಸದಾಗಿ ಚಿತ್ರಿಸಿದ ಕಪ್ಪು-ಬಿಳುಪು ದೃಶ್ಯಗಳೂ ಇವೆ. ಎರಡನ್ನೂ ಎಷ್ಟು ವೇಗವಾಗಿ ಹೆಣೆದಿದ್ದಾರೆಂದರೆ, ಅಸಲಿ ಯಾವುದು, ಊಹೆ ಯಾವುದು ಎಂದು ಕೇಳಿಕೊಳ್ಳುವ ಪುರುಸೊತ್ತೇ ಸಿಗುವುದಿಲ್ಲ. ಸಂಕಲನಕ್ಕೆ ಆಸ್ಕರ್ ಬಂತು, ಕಸುಬಿನ ದೃಷ್ಟಿಯಿಂದ ಅದು ನ್ಯಾಯವಾದ ಪ್ರಶಸ್ತಿಯೇ. ಆ ಚಿತ್ರ ಎಬ್ಬಿಸಿದ ಗದ್ದಲದಿಂದಾಗಿಯೇ 1992ರಲ್ಲಿ ಹತ್ಯೆಯ ದಾಖಲೆಗಳನ್ನು ಬಹಿರಂಗಪಡಿಸುವ ಕಾನೂನೂ ಬಂತು, ಅದೂ ಒಳ್ಳೆಯದೇ. ಆದರೂ ನಾನು ಆ ದಾರಿ ಹಿಡಿಯುವುದಿಲ್ಲ. ಮರುಸೃಷ್ಟಿ ಮಾಡಿದ ದೃಶ್ಯಕ್ಕೆ ಬೇರೆಯದೇ ಬಣ್ಣ ಕೊಡಿ ಎಂದು ಚಿತ್ರದ ಬಣ್ಣ ಹೊಂದಿಸುವ ಕಲರಿಸ್ಟ್ ಹತ್ತಿರ ಹೇಳಿ ಮಾಡಿಸುತ್ತೇನೆ.

ಹಾಗಾದರೆ ಚಿತ್ರಕ್ಕೆ ಒಂದು ನಿಲುವೇ ಇರಬಾರದೇ ಎಂದು ಹೊಸ ಸಹಾಯಕರು ಕೇಳುತ್ತಾರೆ. ಅವರಿಗೆ ನಾನು 1966ರ 'ದಿ ಬ್ಯಾಟಲ್ ಆಫ್ ಅಲ್ಜೀರ್ಸ್' ತೋರಿಸುತ್ತೇನೆ. ಅಲ್ಜೀರಿಯಾದ ಸ್ವಾತಂತ್ರ್ಯಕ್ಕಾಗಿ ಫ್ರೆಂಚರ ವಿರುದ್ಧ ಹೋರಾಡಿದ ಎಫ್‌ಎಲ್‌ಎನ್ ಸಂಘಟನೆಯ ನಾಯಕ ಸಾದಿ ಯಾಸೆಫ್ ಅದರ ನಿರ್ಮಾಣದಲ್ಲೂ ಇದ್ದರು, ನಟಿಸಿಯೂ ಇದ್ದರು. ಚಿತ್ರ ಯಾರ ಪರ ಎಂಬುದರಲ್ಲಿ ಮುಚ್ಚುಮರೆಯಿಲ್ಲ. ಹಾಗಿದ್ದೂ, ಕೆಫೆಯಲ್ಲಿ ಬಾಂಬ್ ಇಡಲು ಬಂದ ಹೆಣ್ಣುಮಗಳ ಕಣ್ಣು ಅಲ್ಲಿ ಕೂತವರ ಮೇಲೆ ಒಂದೊಂದಾಗಿ ಹರಿಯುತ್ತದೆ. ಅಲ್ಲೊಂದು ಮಗು ಐಸ್‌ಕ್ರೀಮ್ ತಿನ್ನುತ್ತಿದೆ. ಎರಡೂ ಕಡೆಯ ಹೆಣಗಳಿಗೆ ನಿರ್ದೇಶಕ ಪೊಂಟೆಕೊರ್ವೊ ಒಂದೇ ಸಂಗೀತ ಬಳಸಿದ್ದಾರೆ. ನಿಲುವು ಇಟ್ಟುಕೊಂಡೇ ಎದುರಿನವರಿಗೂ ಮುಖ ಕೊಡುವುದು ಎಂದರೆ ಇದು.

ಇದನ್ನು ಜಾರಿಗೆ ತರುವುದು ಸುಲಭವಲ್ಲ. ಗಲಭೆಯ ಕುರಿತ ಒಂದು ಚಿತ್ರದ ರಫ್ ಕಟ್‌ನಲ್ಲಿ, ಅಂದರೆ ಮೊದಲ ಕಚ್ಚಾ ಜೋಡಣೆಯಲ್ಲಿ, ಒಂದು ಸಮುದಾಯ ಬರೀ ಗುಂಪಾಗಿತ್ತು. ಎಲ್ಲವೂ ದೂರದ ಶಾಟ್, ಕೂಗು, ಓಡುವ ಕಾಲು. ಒಬ್ಬರಿಗೂ ಹೆಸರಿಲ್ಲ. ಚಿತ್ರೀಕರಿಸಿದ ಎಲ್ಲ ತುಣುಕುಗಳನ್ನು (ರಶಸ್) ಹುಡುಕಿದಾಗ ಅದೇ ಗುಂಪಿನ ಮುದುಕಿಯೊಬ್ಬಳು ಬಾಗಿಲು ಹಾಕಿಕೊಳ್ಳುವ ಕ್ಲೋಸಪ್ ಸಿಕ್ಕಿತು, ಸೇರಿಸಿದೆ. ನಿರ್ದೇಶಕರು ಸಿಟ್ಟಾದರು: "ಜನರ ಅನುಕಂಪ ಆ ಕಡೆ ಹೋಗುತ್ತೆ ಸಾರ್, ತೆಗೀರಿ." ಹೋಗಲಿ, ಅವಳೂ ಆ ರಾತ್ರಿ ಹೆದರಿದ್ದಳಲ್ಲ ಎಂದೆ. ವಾದ ನಿರ್ಮಾಪಕರವರೆಗೂ ಹೋಯಿತು. ಶಾಟ್ ಅರ್ಧಕ್ಕಿಳಿದು ಉಳಿಯಿತು.

ಈಗ ಪ್ರತಿ ರಫ್ ಕಟ್ಟನ್ನೂ ಒಮ್ಮೆ ಹಿನ್ನೆಲೆ ಸಂಗೀತವಿಲ್ಲದೆ ನೋಡುತ್ತೇನೆ. ಸಂಗೀತ ತೆಗೆದರೆ ಖಳನಾಗಿ ಕಾಣುವುದೇ ನಿಂತುಹೋಗುವ ಪಾತ್ರವಿದ್ದರೆ, ಅವನ ಅಪರಾಧವನ್ನು ಚಿತ್ರಕಥೆ ಇನ್ನೂ ತೋರಿಸಿಲ್ಲ ಎಂದರ್ಥ. 'ಸತ್ಯಘಟನೆ ಆಧಾರಿತ' ಎಂಬ ಕಾರ್ಡ್ ಹಾಕುವ ಮುಂಚೆ ಸಂಶೋಧನೆಯ ಫೈಲ್ ಕೇಳುತ್ತೇನೆ. ನಿಜ ಜೀವನದ ಹಲವರನ್ನು ಸೇರಿಸಿ ಒಂದೇ ಪಾತ್ರ ಮಾಡಿದ್ದರೆ, ಆ ಮಾತನ್ನು ಕೊನೆಯಲ್ಲಿ ಓಡುವ ಸಣ್ಣ ಅಕ್ಷರಗಳಿಗೆ ಬಿಡದೆ ಆ ಕಾರ್ಡಿನಲ್ಲೇ, ಅಷ್ಟೇ ದಪ್ಪಕ್ಷರದಲ್ಲಿ ಹಾಕಬೇಕೆಂದು ಪಟ್ಟು ಹಿಡಿಯುತ್ತೇನೆ.