ಆ ಬಾಗಿದ ದೀಪಕ್ಕೆ ಅಷ್ಟು ದುಡ್ಡು ಯಾಕೆ?

ಮನೆ ಕಟ್ಟಿಸುತ್ತಿರುವವರ ಮೊಬೈಲಿನಲ್ಲಿ ಈಗ ಒಂದು ಫೋಟೊ ಇದ್ದೇ ಇರುತ್ತದೆ. ದೊಡ್ಡ ಹಾಲು, ಮೂಲೆಯಲ್ಲಿ ಬಿಳಿ ಕಲ್ಲಿನ ದಿಮ್ಮಿ, ಅದರಿಂದ ಎದ್ದು ಗಾಳದ ಕೋಲಿನ ಹಾಗೆ ಬಾಗಿದ ಸ್ಟೀಲು, ತುದಿಯಲ್ಲಿ ಮಿರುಗುವ ಗುಮ್ಮಟ. ಬೆಂಗಳೂರಿನಲ್ಲಿ ಮನೆಗಳಿಗೆ ಲೈಟಿಂಗ್ ಪ್ಲ್ಯಾನ್ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಆ ಫೋಟೊ ನನ್ನ ಮುಂದೆ ಬರುತ್ತದೆ, ಅದರ ಬೆನ್ನಿಗೇ ಪ್ರಶ್ನೆಯೂ. "ಸಾರ್, ಅಸಲಿಗೆ ಎರಡು ಮೂರು ಲಕ್ಷ ಅಂತಾರೆ. ಇದೇ ಥರದ್ದು ಆನ್‌ಲೈನಲ್ಲಿ ಹದಿನೈದು ಸಾವಿರಕ್ಕೆ ಸಿಗುತ್ತೆ. ಅಂಥದ್ದೇನಿದೆ ಅದರಲ್ಲಿ?" ಹೋದ ತಿಂಗಳು ನಮ್ಮ ಅತ್ತಿಗೆಯೂ ಕೇಳಿದರು. ಸಾರ್ ಅನ್ನಲಿಲ್ಲ, ಅಷ್ಟೇ.

ದೀಪದ ಹೆಸರು ಆರ್ಕೋ. ಇಟಾಲಿಯನ್ನಿನಲ್ಲಿ ಕಮಾನು ಎಂದರ್ಥ. ಮಾಡುವ ಕಂಪನಿ ಫ್ಲೋಸ್. ಅದು ಲ್ಯಾಟಿನ್ ಪದ, ಹೂವು. ಕಲ್ಲಿಗೂ ಸ್ಟೀಲಿಗೂ ಅಷ್ಟು ಬೆಲೆ ಖಂಡಿತ ಇಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಉಳಿದದ್ದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಫ್ಲೋಸ್‌ನ ಕಥೆ ಶುರುವಾಗುವುದು ಒಂದು ಅಂಟಿನಿಂದ. ಗನ್ನಿನಲ್ಲಿ ತುಂಬಿ ಸಿಂಪಡಿಸಿದರೆ ಗಾಳಿಯಲ್ಲೇ ಎಳೆ ಎಳೆಯಾಗಿ ಹರಡಿ, ಒಣಗಿದಾಗ ತೆಳ್ಳಗಿನ ಚರ್ಮದಂತೆ ಬಿಗಿದುಕೊಳ್ಳುವ ಪ್ಲಾಸ್ಟಿಕ್ ಅಂಟು ಅದು. ಯುದ್ಧ ಸಾಮಗ್ರಿಗೆ ತೇವ ತಾಗದಿರಲೆಂದು ಅಮೆರಿಕದ ಸೇನೆಯವರು ಅದನ್ನು ಸುತ್ತುತ್ತಿದ್ದರು. ಹೆಸರು ಕೊಕೂನ್. ರಾಮನಗರದವರಿಗೆ ಬಿಡಿಸಿ ಹೇಳಬೇಕಿಲ್ಲ, ರೇಷ್ಮೆಗೂಡು. ಇಟಲಿಯ ಉತ್ತರ ತುದಿಯಲ್ಲಿ, ಆಲ್ಪ್ಸ್ ಬೆಟ್ಟಗಳ ಮಡಿಲಲ್ಲಿರುವ ಮೆರಾನೊ ಎಂಬ ಊರಿನ ಆರ್ತುರೊ ಐಸೆನ್‌ಕೈಲ್ ಅದನ್ನು ತರಿಸಿಕೊಂಡು, ಇದರಿಂದ ಏನಾದರೂ ಮಾಡಬಹುದೇ ಎಂದು ಹುಡುಕುತ್ತಿದ್ದರು. ಪೀಠೋಪಕರಣದ ವ್ಯವಹಾರದಲ್ಲಿದ್ದ ಡೀನೊ ಗವೀನಾ ಮತ್ತು ಚೆಸರೆ ಕಸ್ಸೀನಾ ಜೊತೆಗೂಡಿದರು. ದೀಪ ಮಾಡಿಕೊಡಲು ಕರೆದದ್ದು ಮಿಲಾನಿನ ವಾಸ್ತುಶಿಲ್ಪಿ ಸೋದರರಾದ ಅಕಿಲ್ಲೆ ಮತ್ತು ಪಿಯರ್ ಜಾಕೊಮೊ ಕಾಸ್ತಿಲ್ಯೋನಿ ಅವರನ್ನು, ಜೊತೆಗೆ ತೋಬಿಯಾ ಸ್ಕಾರ್ಪಾ ಅವರನ್ನು.

ಸೋದರರು ತಂತಿಯ ಚೌಕಟ್ಟು ಮಾಡಿ ಅದರ ಮೇಲೆ ಈ ಅಂಟನ್ನು ಸಿಂಪಡಿಸಿದರು. ಒಳಗೆ ಬಲ್ಬು ಹಾಕಿದರೆ ಹೊರಗೆ ಹದವಾದ, ಕಣ್ಣಿಗೆ ಚುಚ್ಚದ ಬೆಳಕು. 1960ರ ತಾರಾಕ್ಸಾಕುಮ್, ವಿಸ್ಕೊಂತೆಯಾ ಎಂಬ ತೂಗುದೀಪಗಳು ಹುಟ್ಟಿದ್ದು ಹೀಗೆ. ಕರಾವಳಿಯವರು ನೋಡಿದರೆ ದೀಪಾವಳಿಯ ಗೂಡುದೀಪವನ್ನು ನೆನೆಸಿಕೊಳ್ಳುತ್ತಾರೆ. ಚೌಕಟ್ಟು, ಮೇಲೊಂದು ತೆಳುಪದರ, ಒಳಗೆ ಬೆಳಕು. ಕಾಗದದ ಬದಲು ಸೇನೆಯ ಅಂಟು. 1962ರಲ್ಲಿ ಮೆರಾನೊದಲ್ಲೇ ಫ್ಲೋಸ್ ಕಂಪನಿ ಶುರುವಾಯಿತು. ಒಂದೆರಡು ವರ್ಷದಲ್ಲಿ ಸೆರ್ಜೊ ಗಾಂದೀನಿ ಎಂಬವರು ಚುಕ್ಕಾಣಿ ಹಿಡಿದರು, ಕಾರ್ಖಾನೆ ಇಟಲಿಯದೇ ಬ್ರೆಷಾ ನಗರದ ಕಡೆಗೆ ಬಂತು.

ನನಗೆ ಇದರಲ್ಲಿ ಇಷ್ಟವಾಗುವುದು ಕ್ರಮ. ಮೊದಲು ಚಂದದ ಆಕಾರ ಬರೆದು ಆಮೇಲೆ ಅದನ್ನು ಯಾವುದರಿಂದ ಮಾಡೋಣ ಎಂದು ಹುಡುಕಿದವರಲ್ಲ ಇವರು. ಕೈಗೆ ಸಿಕ್ಕ ವಸ್ತು ಏನು ಮಾಡಬಲ್ಲದು ಎಂದು ನೋಡಿದರು, ಆಕಾರ ತಾನಾಗಿ ಬಂತು.

ಆರ್ಕೋ ಕೂಡ ಹಾಗೆಯೇ. ಅದು ಬಂದದ್ದೂ 1962ರಲ್ಲೇ. ಸೋದರರ ಮುಂದಿದ್ದ ತೊಂದರೆ ಎಲ್ಲರ ಮನೆಯದು. ಊಟದ ಟೇಬಲ್ಲಿಗೆ ಬೆಳಕು ಮೇಲಿನಿಂದ ಬೀಳಬೇಕು, ಆದರೆ ಸೀಲಿಂಗಿಗೆ ತೂತು ಕೊರೆಯಬಾರದು. ಒಮ್ಮೆ ಪಾಯಿಂಟ್ ಕೊಟ್ಟರೆ ಟೇಬಲ್ಲು ಅಲ್ಲೇ ಬೇರುಬಿಟ್ಟ ಹಾಗೆ. ಬೀದಿದೀಪದ ಕಂಬ ರಸ್ತೆಯ ಬದಿಯಲ್ಲಿ ನಿಂತು ನಡುವಿಗೆ ಬೆಳಕು ಚೆಲ್ಲುತ್ತದಲ್ಲ, ಅದನ್ನು ಮನೆಯೊಳಗೆ ತಂದರೆ? ಕಂಬ ಟೇಬಲ್ಲಿನಿಂದ ಎಷ್ಟು ದೂರ ನಿಲ್ಲಬೇಕು ಎಂಬ ಲೆಕ್ಕಕ್ಕೂ ಕಾರಣವಿದೆ. ಟೇಬಲ್ಲಿಗೂ ದೀಪದ ಬುಡಕ್ಕೂ ನಡುವೆ, ಕುಳಿತವರ ಬೆನ್ನ ಹಿಂದೆ, ಟ್ರೇ ಹಿಡಿದ ಒಬ್ಬರು ಸಲೀಸಾಗಿ ಹಾದುಹೋಗಬೇಕು. ಹಾಗೆಂದೇ ಕಮಾನು ಸುಮಾರು ಎರಡು ಮೀಟರ್ ಮುಂದಕ್ಕೆ ಚಾಚಿದೆ. ಕಮಾನಿಗೆ ಬಳಸಿದ್ದು ಒಂದರೊಳಗೊಂದು ಸರಿಯುವ ಸ್ಟೀಲಿನ ಪಟ್ಟಿಗಳು.

ಅಷ್ಟು ಉದ್ದ ಚಾಚಿದ್ದು ಬೀಳದೆ ನಿಲ್ಲಲು ಬುಡದಲ್ಲಿ ಭಾರ ಬೇಕು. ಇಟಲಿಯ ಕರಾರಾ ಎಂಬ ಊರಿನ ಅಮೃತಶಿಲೆ, ಸುಮಾರು 65 ಕೆ.ಜಿ. ಶ್ರೀಮಂತಿಕೆ ತೋರಿಸಲು ಇಟ್ಟದ್ದೆಂದು ಎಲ್ಲರೂ ಭಾವಿಸುವ ಆ ಕಲ್ಲು ನಿಜಕ್ಕೂ ತಕ್ಕಡಿಯ ಬೊಟ್ಟು. ಮೂಲೆಗಳನ್ನು ಕೆತ್ತಿ ಮೊಂಡು ಮಾಡಿದ್ದು ಕಾಲಿಗೆ ತಗಲಿದರೆ ಗಾಯವಾಗದಿರಲಿ ಎಂದು. ಕಲ್ಲಿನ ನಡುವೆ ಈ ಬದಿಯಿಂದ ಆ ಬದಿಗೆ ಒಂದು ತೂತಿದೆ, ಅದು ಅಲಂಕಾರಕ್ಕೆಂದು ನಾನೂ ಎಷ್ಟೋ ದಿನ ಅಂದುಕೊಂಡಿದ್ದೆ. ಪೊರಕೆಯ ಕೋಲನ್ನು ಅದರಲ್ಲಿ ತೂರಿಸಿ ಇಬ್ಬರು ಎರಡು ಕಡೆಯಿಂದ ಎತ್ತಿ ಜಾಗ ಬದಲಿಸಲಿ ಎಂದು ಮಾಡಿದ ತೂತು ಅದು! ಒಮ್ಮೆ ಒಬ್ಬರ ಮನೆಯಲ್ಲಿ ಅಸಲಿ ಆರ್ಕೋವನ್ನು ಸರಿಸಬೇಕಾಗಿ ಬಂತು. ನಮ್ಮ ಪೊರಕೆಗೆ ಕೋಲೆಲ್ಲಿದೆ? ಮಾಪಿನ ಕೋಲು ಅಲ್ಯೂಮಿನಿಯಮ್ಮಿನದು, ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ. ಕೊನೆಗೆ ಕೈತೋಟದಿಂದ ಹಾರೆ ತಂದು, ಕಲ್ಲಿನ ಅಂಚು ಚಕ್ಕೆ ಏಳದಂತೆ ಟವೆಲ್ ಸುತ್ತಿ, ತೂರಿಸಿ ಎತ್ತಿದೆವು. ಸಲೀಸಾಗಿ ಎದ್ದಿತು. ಅರವತ್ತು ವರ್ಷದ ಹಿಂದೆ ಮಿಲಾನಿನಲ್ಲಿ ಕುಳಿತವರು ನಮ್ಮ ಬೆನ್ನುನೋವಿನ ಬಗ್ಗೆ ಯೋಚಿಸಿದ್ದರು ಅನ್ನಿಸಿತು.

ಗುಮ್ಮಟದ ಮೇಲ್ಭಾಗದಲ್ಲಿ ಸಣ್ಣ ಸಣ್ಣ ತೂತುಗಳಿವೆ. ಬಲ್ಬಿನ ಬಿಸಿ ಹೊರಹೋಗಲು. ಇಡೀ ದೀಪದಲ್ಲಿ ಇದು ಸುಮ್ಮನೆ ಇದೆ ಎಂದು ಬೆರಳು ತೋರಿಸಲು ನನಗೆ ಏನೂ ಸಿಕ್ಕಿಲ್ಲ.

ಅದೇ ವರ್ಷದ ಇನ್ನೊಂದು ದೀಪ ತೋಯೊ. ಅದನ್ನು ನೋಡಿದರೆ ಗ್ಯಾರೇಜಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿದಂತಿದೆ, ಹೆಚ್ಚುಕಡಿಮೆ ನಿಜವೂ ಅದೇ. ಮೇಲೆ ಕಾರಿನ ಹೆಡ್‌ಲೈಟು. ವೈರು ನೇತಾಡದಂತೆ ಹಿಡಿಯಲು ಗಾಳದ ಕೋಲಿನ ಉಂಗುರಗಳು. ಬುಡದಲ್ಲಿ ಟ್ರಾನ್ಸ್‌ಫಾರ್ಮರು, ಮುಚ್ಚುಮರೆಯಿಲ್ಲದೆ. ಅದೇ ದೀಪವನ್ನು ನಿಲ್ಲಿಸುವ ಭಾರವೂ ಆಯಿತು. ಆಟಿಕೆ ಎನ್ನುವ ಇಂಗ್ಲಿಷ್ ಪದವನ್ನು ಇಟಾಲಿಯನ್ ನಾಲಿಗೆಗೆ ಒಗ್ಗಿಸಿ ತೋಯೊ ಎಂದು ಹೆಸರಿಟ್ಟರು. ಕೆಟ್ಟದ್ದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವ ನಮ್ಮೂರ ಮೆಕ್ಯಾನಿಕ್‌ಗಳಿಗೆ ಈ ದೀಪ ಒಂದೇ ನೋಟಕ್ಕೆ ಅರ್ಥವಾದೀತು. ಅದರ ಬೆಲೆ ಹೇಳಿದರೆ ಮಾತ್ರ ನಗುತ್ತಾರೆ.

ನನ್ನ ತಕರಾರು ಇರುವುದೂ ಅಲ್ಲೇ. ಮೀನಿನ ಗಾಳ, ಕಾರಿನ ಲೈಟು, ಸೇನೆಯ ಅಂಟು ಬಳಸಿ ಮಾಡಿದ ದೀಪಗಳು ಈಗ ಬೆಡಗಿನ ಸಾಮಾನು. ಇದೇ ಕಾಸ್ತಿಲ್ಯೋನಿ ಸೋದರರು 1968ರಲ್ಲಿ ಬೇರೊಂದು ಕಂಪನಿಗೆ ಟೇಬಲ್ ಲ್ಯಾಂಪಿನ ವೈರಿನ ನಡುವೆ ಕೂರುವ ಪುಟ್ಟ ಸ್ವಿಚ್ಚು ಮಾಡಿಕೊಟ್ಟರು. ಕತ್ತಲಲ್ಲಿ ತಡಕಿದರೂ ಬೆರಳಿಗೆ ಸಿಗುವಂಥದ್ದು. ಅದನ್ನು ಕೊಂಡವರು ಯಾರು ಮಾಡಿದ್ದೆಂದು ಕೇಳುವುದೇ ಇಲ್ಲ. ಪಿಯರ್ ಜಾಕೊಮೊ ತೀರಿಕೊಂಡದ್ದೂ ಆ ವರ್ಷವೇ. ತಮ್ಮ ಅಕಿಲ್ಲೆ ಒಬ್ಬರೇ 2002ರವರೆಗೆ ಬದುಕಿದರು, ಕೆಲಸ ಮುಂದುವರಿಸಿದರು.

ಅಕಿಲ್ಲೆಯವರ ದೀಪಗಳಲ್ಲಿ ನನ್ನ ಮೆಚ್ಚಿನದು ಆರ್ಕೋ ಅಲ್ಲ, 1971ರ ಪರೆಂತೆಸಿ. ಮೂಲ ಯೋಚನೆ ಪಿಯೊ ಮಂಜು ಅವರದು. ಫಿಯಟ್ 127 ಕಾರಿನ ವಿನ್ಯಾಸಕಾರರು, 1969ರಲ್ಲಿ ಅಪಘಾತದಲ್ಲಿ ಚಿಕ್ಕ ವಯಸ್ಸಿಗೇ ಹೋದರು. ನಿಂತ ಸರಳೊಂದರ ಮೇಲೆ ದೀಪ ಮೇಲೆ ಕೆಳಗೆ ಸರಿಯಬೇಕು, ಬೇಕಾದ ಎತ್ತರದಲ್ಲಿ ಸ್ಕ್ರೂ ಬಿಗಿಯಬೇಕು ಎಂಬುದು ಅವರ ಕಲ್ಪನೆ. ಅಕಿಲ್ಲೆ ಸರಳನ್ನು ತೆಗೆದು ಸ್ಟೀಲಿನ ಹಗ್ಗ ಹಾಕಿದರು. ಮೇಲೆ ಸೀಲಿಂಗಿಗೆ ಕೊಕ್ಕೆ, ಕೆಳಗೆ ನೆಲಕ್ಕೆ ಒಂದು ಭಾರದ ಗುಂಡು, ನಡುವೆ ಬಿಗಿದ ಹಗ್ಗ. ಅದರ ಮೇಲೆ ಆವರಣ ಚಿಹ್ನೆಯಂತೆ ಬಾಗಿದ ಕೊಳವೆ, ಅದಕ್ಕೆ ಹೋಲ್ಡರು, ಬಲ್ಬು. ಕೊಳವೆ ಬಾಗಿರುವುದರಿಂದ ಹಗ್ಗ ಒಳಗೆ ನೇರವಾಗಿ ಸಾಗದೆ ಉಜ್ಜುತ್ತದೆ. ಆ ಉಜ್ಜುವಿಕೆಯಿಂದಲೇ ದೀಪ ನಿಲ್ಲುತ್ತದೆ. ಕೈಯಿಂದ ಸರಿಸಿದರೆ ಸರಿಯುತ್ತದೆ, ಬಿಟ್ಟರೆ ಅಲ್ಲೇ. ಸ್ಕ್ರೂ ಹೋಯಿತು. ಬಿಡಿ ಭಾಗಗಳಾಗಿಯೇ ಒಂದು ಪ್ಯಾಕಿನಲ್ಲಿ ಬರುತ್ತಿತ್ತು, ಮನೆಯಲ್ಲಿ ನೀವೇ ಜೋಡಿಸಿಕೊಳ್ಳಬೇಕು. 1979ರಲ್ಲಿ ಅದಕ್ಕೆ ಇಟಲಿಯ ವಿನ್ಯಾಸ ಕ್ಷೇತ್ರದ ದೊಡ್ಡ ಪ್ರಶಸ್ತಿ ಕೊಂಪಾಸ್ಸೊ ದೊರೊ ಬಂತು.

ಆಮೇಲಿನ ಚರಿತ್ರೆ ದೊಡ್ಡ ಕಂಪನಿಗಳ ಮಾಮೂಲಿ ದಾರಿಯದು. ಎಪ್ಪತ್ತರ ದಶಕದಲ್ಲಿ ಜೀನೊ ಸರ್ಫಾತ್ತಿ ಕಟ್ಟಿದ ಆರ್ತೆಲೂಚೆ ಎಂಬ ದೀಪದ ಕಂಪನಿಯನ್ನು ಫ್ಲೋಸ್ ಕೊಂಡಿತು. ಫಿಲಿಪ್ ಸ್ಟಾರ್ಕ್, ಜಾಸ್ಪರ್ ಮಾರಿಸನ್ ಮೊದಲಾದ ಹೊರದೇಶದ ವಿನ್ಯಾಸಕಾರರು ಬಂದರು. ಸ್ಟಾರ್ಕ್ 2005ರಲ್ಲಿ ಚಿನ್ನದ ಬಣ್ಣದ ಬಂದೂಕನ್ನೇ ಕಂಬ ಮಾಡಿ ದೀಪ ನಿಲ್ಲಿಸಿದರು. ಏನೋ ಹೇಳಬೇಕೆಂದು ಮಾಡಿದ ದೀಪ ಅದು, ಬೆಳಕಿಗೂ ಬಂದೂಕಿಗೂ ಏನು ನಂಟು ಎಂಬುದು ನನಗಂತೂ ಇವತ್ತಿಗೂ ಹೊಳೆದಿಲ್ಲ. ಸೆರ್ಜೊ ನಂತರ ಮಗ ಪಿಯೆರೊ ನಡೆಸಿದರು. 2014ರಲ್ಲಿ ಹೂಡಿಕೆದಾರರ ಕೈಗೆ ಬಹುಪಾಲು ಹೋಯಿತು. 2018ರಿಂದ ಫ್ಲೋಸ್, ಪೀಠೋಪಕರಣ ಮಾಡುವ ಬಿ ಆ್ಯಂಡ್ ಬಿ ಇಟಾಲಿಯಾ, ದೀಪ ಮಾಡುವ ಡೆನ್ಮಾರ್ಕಿನ ಲೂಯಿಸ್ ಪೌಲ್ಸೆನ್ ಜೊತೆ ಒಂದೇ ಗುಂಪಿನಲ್ಲಿದೆ. 2022ರಲ್ಲಿ ಆರ್ಕೋಗೆ ಅರವತ್ತು ತುಂಬಿದಾಗ ಅಮೃತಶಿಲೆಯ ಬದಲು ಪಾರದರ್ಶಕ ಗಾಜಿನ ಬುಡ ಇಟ್ಟು 2022 ದೀಪಗಳನ್ನಷ್ಟೇ ಮಾಡಿದರು. ತಕ್ಕಡಿಯ ಬೊಟ್ಟಿಗೆ ಒಡವೆ ತೊಡಿಸಿದ ಹಾಗಾಯಿತು.

ಇನ್ನು ಕಾಪಿಯ ಮಾತು. ಇದು ನಮ್ಮ ಜನರಷ್ಟೇ ಕೇಳಿದ ಪ್ರಶ್ನೆಯಲ್ಲ, ಯುರೋಪಿನ ಕೋರ್ಟಿನವರೆಗೂ ಹೋದದ್ದು. ಇಟಲಿಯ ಸೆಮೆರಾರೊ ಎಂಬ ಪೀಠೋಪಕರಣದ ಕಂಪನಿ ಚೀನಾದಿಂದ ಫ್ಲೂಯಿದಾ ಎಂಬ ದೀಪ ತರಿಸಿ ಮಾರುತ್ತಿತ್ತು. ಆರ್ಕೋದ್ದೇ ಪಡಿಯಚ್ಚು. ಫ್ಲೋಸ್ ಮಿಲಾನಿನಲ್ಲಿ ದಾವೆ ಹೂಡಿತು. ಹಳೆಯ ವಿನ್ಯಾಸಗಳಿಗೆ ಕೃತಿಸ್ವಾಮ್ಯ ಉಂಟೋ ಇಲ್ಲವೋ ಎಂಬ ಕಗ್ಗಂಟು ಐರೋಪ್ಯ ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. ವಿನ್ಯಾಸ ಹಳೆಯದು, ನೋಂದಣಿಯಾಗಿಲ್ಲ ಎಂಬ ಕಾರಣಕ್ಕೇ ಕೃತಿಸ್ವಾಮ್ಯ ನಿರಾಕರಿಸುವಂತಿಲ್ಲ ಎಂದು ಅದು 2011ರ ಜನವರಿಯಲ್ಲಿ ಹೇಳಿತು. ಮರುವರ್ಷ ಮಿಲಾನಿನ ಕೋರ್ಟು ಫ್ಲೋಸ್ ಪರ ತೀರ್ಪು ಕೊಟ್ಟಿತು. ಅಂದರೆ ಕಾನೂನಿನ ಕಣ್ಣಿಗೆ ಆ ದೀಪ ಒಂದು ಚಿತ್ರಕ್ಕೆ, ಒಂದು ಶಿಲ್ಪಕ್ಕೆ ಸಮ.

ಕಾನೂನು ಬದಿಗಿರಲಿ. ಕಾಪಿ ಮಾಡುವವರು ಗುಮ್ಮಟವನ್ನು ಥೇಟ್ ಮಾಡುತ್ತಾರೆ, ಕಳ್ಳಾಟ ಇರುವುದು ಬುಡದಲ್ಲಿ. ಕಲ್ಲು ದೂರದಿಂದ ಸಾಗಿಸುವುದು ದುಬಾರಿ. ನಾನು ನೋಡಿದ ಎರಡು ಮೂರರಲ್ಲಿ ಕಲ್ಲು ಹಗುರ, ಚಾಚು ಗಿಡ್ಡ. ಚಾಚು ಗಿಡ್ಡವಾದ ಮೇಲೆ ಬುಡ ಕುರ್ಚಿಗೆ ಅಂಟಿಕೊಂಡಂತೆ ನಿಲ್ಲುತ್ತದೆ, ಟ್ರೇ ಹಿಡಿದವರು ಎಡವುತ್ತಾರೆ. ಒಂದರಲ್ಲಿ ತೂತೇ ಇರಲಿಲ್ಲ.

ಹಾಗೆಂದು ಅಸಲಿ ಕೊಳ್ಳಿ ಎಂದು ಯಾರಿಗೂ ಹೇಳುವುದಿಲ್ಲ. ಆರ್ಕೋ ಎರಡೂಕಾಲು ಮೀಟರಿಗಿಂತ ಎತ್ತರ. ನಮ್ಮ ಹಾಲಿನ ನಡುವೆ ಫ್ಯಾನು ತಿರುಗುತ್ತಿರುತ್ತದೆ, ಇಟಲಿಯವರ ಲೆಕ್ಕದಲ್ಲಿ ಫ್ಯಾನು ಇರಲಿಲ್ಲ. ಜಾಗ ಸರಿಯಾಗಿ ನೋಡದಿದ್ದರೆ ರೆಕ್ಕೆಗೂ ಕಮಾನಿಗೂ ಜಗಳ. ಕೊಳ್ಳಲೇಬೇಕೆಂದರೆ ಪರೆಂತೆಸಿ ನೋಡಿ ಅನ್ನುತ್ತೇನೆ. ಅದಕ್ಕೆ ಬೇಕಾದ ಕೊಕ್ಕೆ ನಮ್ಮ ಆರ್‌ಸಿಸಿ ಮನೆಗಳ ಸೀಲಿಂಗಿನಲ್ಲಿ ಫ್ಯಾನಿಗೆಂದು ಹಾಕಿದ್ದು ಎಲ್ಲೋ ಒಂದು ಖಾಲಿ ಇದ್ದೇ ಇರುತ್ತದೆ.

ಅತ್ತಿಗೆಗೂ ಇದನ್ನೆಲ್ಲ ಹೇಳಿದೆ. ಅವರು ಎರಡು ದಿನ ಯೋಚಿಸಿ, ಊಟದ ಟೇಬಲ್ಲನ್ನೇ ಮೂರಡಿ ಎಳೆದು, ಬಿಲ್ಡರ್ ಕೊಟ್ಟಿದ್ದ ಸೀಲಿಂಗ್ ಪಾಯಿಂಟಿನ ಕೆಳಗೆ ಹಾಕಿಕೊಂಡರು. ಚಿಕ್ಕಪೇಟೆಯಿಂದ ಒಂದು ಶೇಡು ತಂದರು. ಮೊನ್ನೆ ಹೋದಾಗ ಅದರ ಕೆಳಗೆ ಕುಳಿತು ಊಟ ಮಾಡಿದೆ. ಬೆಳಕು ಸ್ವಲ್ಪ ಕಣ್ಣಿಗೆ ಹೊಡೆಯುತ್ತಿತ್ತು, ಅರ್ಧ ಅಡಿ ಕೆಳಗಿಳಿಸಿ ಅಂದೆ. "ನಿಮ್ಮಣ್ಣನ ತಲೆಗೆ ತಾಗುತ್ತೆ ಕಣೋ" ಅಂದರು.